ಗಟ್ಟಿ ಬಡಗಿ ಮಾಡಿದ ಲಿಫ್ಟು

ಆ ಬೀದಿಯಲ್ಲಿ ಅವನಿಗೆ ಗಟ್ಟಿ ಬಡಗಿ ಎಂದೇ ಹೆಸರು. ಆಟಿಕೆ ಮಾಡಿಕೊಡು ಎಂದರೂ ಮೂರು ತಲೆಮಾರು ಬಾಳುವಂತೆ ಮಾಡುವ ಆಸಾಮಿ. ಕಳಪೆ ಕೆಲಸವೆಂದರೆ ಅವನಿಗೆ ಕೈಯೇ ಓಡುತ್ತಿರಲಿಲ್ಲ.

ಅವನ ಗೆಳೆಯನಾದ ಫೋಟೋ ಅಂಗಡಿಯವನಿಗೆ ಸಿನಿಮಾ ಹುಚ್ಚು. ಅವನು ತೆಗೆಯಹೊರಟಿದ್ದು, ಕೆಟ್ಟು ನಿಂತ ಲಿಫ್ಟಿನೊಳಗೆ ಮೂವರು ಗೆಳೆಯರು ಸಿಕ್ಕಿಬಿದ್ದು ಜೀವಕ್ಕಾಗಿ ಒದ್ದಾಡುವ ಕಥೆ. ಖರ್ಚು ಕಡಿಮೆ, ಗೋಳು ಜಾಸ್ತಿ. ನಟರು ಅವನೇ, ದರ್ಜಿ ಮತ್ತು ಬಡಗಿ. "ಲಿಫ್ಟಿನ ಥರ ನಾಲ್ಕು ಹಲಗೆ ನಿಲ್ಸು, ತಳ್ಳಿದ್ರೆ ಬೀಳೋ ಹಾಗಿದ್ರೂ ಸಾಕು" ಎಂದಿದ್ದ. ಬಡಗಿ ಹೂಂ ಎಂದ. ತನ್ನ ಶೆಡ್ಡಿನಲ್ಲಿ ಮೂಲೆಮೂಲೆಗೂ ಬೆಣೆ ಹೊಡೆದು ಪೆಟ್ಟಿಗೆ ನಿಲ್ಲಿಸಿದ. ಬಾಗಿಲಿಗೆ ಹೊರಗಡೆ ತಾನಾಗಿ ಬೀಳುವ ಅಗಳಿ ಇಟ್ಟ. ಒಳಗಿನಿಂದ ತೆಗೆಯಲು ಏನೂ ಇಡಲಿಲ್ಲ. ಸಿಕ್ಕಿಬಿದ್ದವರಿಗೆ ಅದೆಲ್ಲಿರುತ್ತದೆ ಎಂಬುದು ಅವನ ನ್ಯಾಯ.

ಶೂಟಿಂಗಿನ ದಿನವೇ ಮಧ್ಯಾಹ್ನ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿದ್ದ ಬಡಗಿಯ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವುದಿತ್ತು. ವರ್ಷಗಳಿಂದ ಅವಳಿಗೆ ಎಲ್ಲವೂ ಮಂಜು ಮಂಜು. "ಮೊದ್ಲು ನಿನ್ ಮುಖಾನೇ ನೋಡ್ಬೇಕು ಕಣೋ" ಎಂದು ಮಗನಿಂದ ಮಾತು ತೆಗೆದುಕೊಂಡಿದ್ದಳು. ಅಷ್ಟರೊಳಗೆ ಒಂದು ಸಲ ನಟಿಸಿ ನೋಡೋಣವೆಂದು ಮೂವರೂ ಒಳಹೊಕ್ಕು ಬಾಗಿಲೆಳೆದುಕೊಂಡರು. ಅಗಳಿ ಟಕ್ಕೆಂದು ಬಿತ್ತು. ಉಳಿ, ಸುತ್ತಿಗೆ, ಮೂವರ ಫೋನು, ಎಲ್ಲವೂ ಹೊರಗೆ.

ಕಾಪಾಡಿ ಎಂದು ಕೂಗಿದರು. ಆದರೆ ಬೆಳಿಗ್ಗೆಯೇ ಫೋಟೋದವನು ಮನೆಮನೆಗೂ ಹೋಗಿ, "ಕಿರುಚಾಟ ಕೇಳ್ಸಿದ್ರೆ ಹೆದರ್ಬೇಡಿ, ಶೂಟಿಂಗು" ಎಂದು ಹೇಳಿಬಂದಿದ್ದ. ಜನ ಶೆಡ್ಡಿನ ಕಿಟಕಿಗೆ ಬಂದು ನಿಂತು ಚಪ್ಪಾಳೆ ತಟ್ಟಿದರು.

"ಇದು ನಿಜ ಕಣ್ರೀ" ಎಂದು ದರ್ಜಿ ಗೋಗರೆದ.

"ಇವ್ನು ಎಲ್ರಿಗಿಂತ ಚೆನ್ನಾಗ್ ಮಾಡ್ತಾನೆ" ಎಂದಳು ಪಕ್ಕದ ಮನೆಯಾಕೆ.

ಬಡಗಿ ಭುಜ ಕೊಟ್ಟು ಗುದ್ದಿದ. ಹಲಗೆ ಮಿಸುಕಲಿಲ್ಲ. "ಜೀವಮಾನದಲ್ಲಿ ಒಂದಾದ್ರೂ ಕೆಟ್ಟ ಕೆಲ್ಸ ಮಾಡ್ಬಾರ್ದಿತ್ತೇನೋ" ಎಂದು ಫೋಟೋದವನು ಹಣೆ ಚಚ್ಚಿಕೊಂಡ. ಮಧ್ಯಾಹ್ನವೂ ಕಳೆಯಿತು. ಅಮ್ಮ ಈಗ ಬೇರೆ ಯಾರದೋ ಮುಖ ನೋಡುತ್ತಿರುತ್ತಾಳೆ ಎಂದು ಬಡಗಿಗೆ ದುಃಖ ಉಕ್ಕಿಬಂತು. "ಅಮ್ಮಾ" ಎಂದು ಕೂಗಿದ. ಚಪ್ಪಾಳೆ ಇನ್ನೂ ಜೋರಾಯಿತು.

ಮಗ ಬರಲಿಲ್ಲವೆಂದು ಪಟ್ಟಿ ಬಿಚ್ಚಿಸಿಕೊಳ್ಳದೆ, ಸೊಸೆಯ ಕೈ ಹಿಡಿದು ಮನೆಗೆ ಬರುತ್ತಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು.

"ನಟನೆ ಅಜ್ಜಿ, ಗಾಬರಿಯಾಗ್ಬೇಡಿ" ಎಂದರು ಜನ.

"ನನ್ ಮಗಂಗೆ ನಟನೆ ಎಲ್ಲಿಂದ ಬರ್ಬೇಕು? ಶಾಲೆ ತಪ್ಸೋಕೆ ಒಂದು ಸುಳ್ಳು ಹೊಟ್ಟೆನೋವು ತರಿಸ್ಕೊಳ್ಳೋಕೂ ಬರ್ತಿರ್ಲಿಲ್ಲ. ತೆಗೀರಿ ಬಾಗ್ಲು."

ಸೊಸೆ ಅಗಳಿ ಎತ್ತಿದಳು. ಆಮೇಲೆ ಕೈ ತೊಳೆದುಕೊಂಡು ಬಂದು, ಆಸ್ಪತ್ರೆಯಲ್ಲಿ ನರ್ಸು ಹೇಳಿಕೊಟ್ಟಿದ್ದಂತೆ ಅತ್ತೆಯ ಪಟ್ಟಿ ಬಿಚ್ಚಿದಳು. ಅಮ್ಮ ಕಣ್ಣು ಪಿಳುಕಿಸಿ ಮಗನನ್ನೇ ನೋಡಿದಳು. ತಲೆಗೆಲ್ಲ ಮರದ ಪುಡಿ ಅಂಟಿದೆಯೆಂದು ಕೈಯಿಂದ ಕೊಡವಿದಳು. ಹೋಗಲಿಲ್ಲ. ಮತ್ತೂ ಕೊಡವಿದಳು.

"ಪುಡಿ ಅಲ್ಲಮ್ಮ ಅದು, ನರೆ" ಎಂದ ಬಡಗಿ.

"ನಂಗೆ ಕಾಣ್ದೇ ಇದ್ದಾಗ ಏನೇನ್ ಮಾಡ್ಕೊಂಡ್ ಕೂತಿದ್ಯೋ" ಎಂದು ಅಮ್ಮ ನಕ್ಕಳು. ಕೈಯನ್ನು ಮಾತ್ರ ಅವನ ತಲೆಯಿಂದ ತೆಗೆಯಲಿಲ್ಲ.