ಕೆಂಚಮ್ಮನ ಕಣದಲ್ಲಿ ಎಂಟು ವಾರ

ಅಂದು ಬೆಳಿಗ್ಗೆ ಕಾಫಿ ಕಣದಲ್ಲಿ ಇದ್ದವರು ಒಟ್ಟು ಒಂಬತ್ತು ಜನ. ನನ್ನ ಕಾಲೇಜಿನ ಕಾಗದ ಕೈಯಲ್ಲಿ ಹಿಡಿದ ಮ್ಯಾನೇಜರ್ ಉತ್ತಯ್ಯನವರು, ಹಣ್ಣು ಹರವುತ್ತಿದ್ದ ಆರು ಹೆಂಗಸರು, ಹೊಸ ಶೂ ಮೆಟ್ಟಿ ನಿಂತ ನಾನು. ಮತ್ತೆ ಕಣದ ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು, ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ ಒಬ್ಬ ಮುದುಕಿ. ಆಕೆಯ ಕಣ್ಣು ಮುಚ್ಚಿತ್ತು. ಯಾರೋ ದೂರದಿಂದ ಕರೆದಂತಾಯಿತಲ್ಲ ಎಂದು ಕಿವಿಗೊಟ್ಟವರ ಮುಖ.

"ಕೆಂಚಮ್ಮಾ, ಇವರು ಮದರಾಸಿಂದ ಬಂದಿದ್ದಾರೆ. ಎಂ.ಕಾಂ. ಓದ್ತಾರೆ. ಎಂಟು ವಾರ ನಿನ್ನ ಹತ್ರ ಕೆಲಸ ಕಲೀತಾರೆ" ಎಂದರು ಉತ್ತಯ್ಯನವರು.

ಕೆಂಚಮ್ಮ ಇನ್ನೊಮ್ಮೆ ಅಲ್ಲಾಡಿಸಿ, ಕೇಳಿ, ಮುಷ್ಟಿಯಲ್ಲಿದ್ದ ಕಾಫಿಕಾಯಿಗಳನ್ನು ಕೆಳಗೆ ಬಿಟ್ಟಳು. ಆಮೇಲೆ ಕಣ್ಣು ತೆರೆದು ನನ್ನ ಮುಖ ಬಿಟ್ಟು ಕಾಲು ನೋಡಿದಳು.

"ಮೊದ್ಲು ಮೆಟ್ಟು ಬಿಚ್ಚಿಸಿ ಸ್ವಾಮಿ. ಕಲಿಯಾದು ಆಮ್ಯಾಕೆ."

ಹೆಂಗಸರೆಲ್ಲ ಕಿಸಕ್ಕೆಂದರು. ನಾನು ಬಗ್ಗಿ ಲೇಸು ಬಿಚ್ಚಿದೆ.

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೊಂದು ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿ ಪೇಟೆಯಲ್ಲಿ ಮಂತ್ರಿಗಳು ಎದುರಾದರೆ ನಿಲ್ಲಿಸಿ ಮಾತಾಡಿಸಬಹುದಿತ್ತು. ನಾನು ಆ ಪೇಟೆಯಲ್ಲೇ ಬೆಳೆದವನಾದರೂ ಕಾಫಿಯ ಪರಿಚಯ ಲೋಟದಿಂದ ಆಚೆಗೆ ಇರಲಿಲ್ಲ. ಮದರಾಸಿನ ನಮ್ಮ ಪ್ರೊಫೆಸರರಿಗೆ ಆ ವರ್ಷ ಒಂದು ಹೊಸ ಹುರುಪು ಬಂದಿತ್ತು. ವ್ಯಾಪಾರ ಓದುವವನು ಮಾಲು ತಯಾರಾಗುವ ಜಾಗದಲ್ಲಿ ಎಂಟು ವಾರ ದುಡಿದು ಬರಬೇಕು. ಕೊನೆಗೆ ಅಲ್ಲಿನ ಯಜಮಾನರು ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದು ರುಜು ಹಾಕಬೇಕು: "ಈ ವಿದ್ಯಾರ್ಥಿಯ ಕೈಗೆ ಕೆಲಸವನ್ನು ಧೈರ್ಯವಾಗಿ ಬಿಡಬಹುದೇ?" ಹೌದು ಎಂದು ಬಾರದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ.

ಮಾದಾಪುರದ ಆಚೆಗಿನ ಆ ಎಸ್ಟೇಟಿನಲ್ಲಿ ಉತ್ತಯ್ಯನವರು ಕಾಗದ ಓದಿ ಮಡಿಚಿ ಜೇಬಿಗಿಟ್ಟುಕೊಂಡರು. "ಕಣದ ವಿಷಯ ನನಗಿಂತ ಅವಳಿಗೆ ಗೊತ್ತು. ಕೆಂಚಮ್ಮ ಹೂಂ ಅಂದ ದಿನ ನಾನು ರುಜು ಹಾಕ್ತೇನೆ" ಎಂದು ಹೇಳಿ ನಡೆದುಬಿಟ್ಟರು. ನನ್ನ ಎಂ.ಕಾಂ. ಅಕ್ಷರ ಬಾರದ ಒಬ್ಬ ಮುದುಕಿಯ 'ಹೂಂ'ಗೆ ಹೋಗಿ ಸಿಕ್ಕಿಕೊಂಡಿತು.

ಕೆಂಚಮ್ಮನ ಕಡೆಯವರು ಹಾಸನದ ಸೀಮೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಗಂಡ ಹೋದಮೇಲೆ ಆಕೆ ಎಸ್ಟೇಟಿನ ಕೂಲಿಯವರ ಲೈನಿಗೆ ಬಂದು, ಹಣ್ಣು ಕೊಯ್ಯುವ ಪಿಕ್ಕಿಂಗ್ ಮಾಡಿ, ಕೊನೆಗೆ ಕಣಕ್ಕೆ ಒಡತಿಯಾಗಿದ್ದಳು. ಮೋಟು ಆಳು. ಅಂಗೈ ಎಷ್ಟು ತೊಳೆದರೂ ಕಾಫಿಕಪ್ಪು. ಕೊಡವರೊಂದಿಗೂ ತಮಿಳರೊಂದಿಗೂ ಮಲೆಯಾಳದವರೊಂದಿಗೂ ತನ್ನ ಹಾಸನದ ಕನ್ನಡವನ್ನೇ ಆಡುತ್ತಿದ್ದಳು; ಬೈಗುಳಕ್ಕೆ ಮಾತ್ರ ಅವರವರ ಭಾಷೆ. ಎಲೆಅಡಿಕೆ ಕಣದ ಕಟ್ಟೆಯಾಚೆ. ಒಳಗೆ ಬಂದರೆ ಬಾಯಿ ಖಾಲಿ ಇರಬೇಕು.

ಕಾಫಿ ಒಣಗಿತು ಎಂದು ಆಕೆ ಯಾವತ್ತೂ ಹೇಳಲಿಲ್ಲ. "ಮಾತು ಬಂತು" ಎನ್ನುತ್ತಿದ್ದಳು. ಹಸಿ ಹಣ್ಣನ್ನು ಅಲ್ಲಾಡಿಸಿದರೆ ಸದ್ದಿಲ್ಲ. ಬಿಸಿಲು ಕುಡಿದಂತೆಲ್ಲ ಒಳಗಿನ ಬೀಜ ಸಿಪ್ಪೆ ಬಿಟ್ಟು ಸಡಿಲಾಗುತ್ತದೆ. ಪೂರ್ತಿ ಒಣಗಿದ ದಿನ ಮುಷ್ಟಿಯಲ್ಲಿ ಗಲಗಲ ಎನ್ನುತ್ತದೆ. ಪೂರ್ತಿಗೂ ಮುಕ್ಕಾಲಿಗೂ ನಡುವಿನ ಸದ್ದು ನನಗೆ ಹತ್ತು ದಿನವಾದರೂ ತಿಳಿಯಲಿಲ್ಲ.

"ಇದು?" ಎಂದು ಮುಷ್ಟಿ ಒಡ್ಡುವಳು.

"ಒಣಗಿದೆಯಮ್ಮ."

"ತೊದಲ್ತೈತೆ. ಕಿವಿ ತೊಳ್ಕೊಂಡು ಬಾ ಹೋಗು."

ಆಕೆಯ ಇನ್ನೊಂದು ಪದ್ಧತಿ ನನ್ನನ್ನು ಕಾಡುತ್ತಿತ್ತು. ದಿನಾ ಬೆಳಿಗ್ಗೆ, ರಾತ್ರಿ ಇಬ್ಬನಿಗೆಂದು ಮುಚ್ಚಿಟ್ಟ ಗುಡ್ಡೆಗಳ ಹೊದಿಕೆ ತೆಗೆದಕೂಡಲೇ, ಪಡುವಣ ಅಂಚಿನ ಕಾಯನ್ನು ಕುಕ್ಕೆಗಳಲ್ಲಿ ಹೊತ್ತು ಮೂಡಲಿಗೆ ಸುರಿಯುವುದು, ಮೂಡಲಿನದನ್ನು ಪಡುವಣಕ್ಕೆ ತರುವುದು. ಇದಕ್ಕೆ "ಮಗ್ಗುಲು ಬದಲಿಸಾದು" ಎಂದು ಹೆಸರು. ಆರು ಹೆಂಗಸರಿಗೆ ಒಂದು ಗಂಟೆಗೂ ಮೇಲಿನ ಕೆಲಸ. ಒಂದೇ ಕಣ, ಒಂದೇ ಕಾಯಿ, ಅದೇ ಸೂರ್ಯ! ಇದೇಕೆ ಎಂದು ಕೇಳಿದರೆ, "ಒಂದೇ ಮಗ್ಗುಲಾಗೆ ಮಲಗಿದ್ರೆ ನಿಂಗೆ ನೋಯಾಕಿಲ್ವಾ?" ಎಂದು ಮುಂದೆ ಹೋಗಿಬಿಟ್ಟಳು. ವ್ಯರ್ಥ ಶ್ರಮದ ಬಗ್ಗೆ ನಾನು ಒಂದಿಡೀ ಪಾಠವನ್ನೇ ಓದಿದ್ದೆ. ವರದಿಗೆ ಒಳ್ಳೆಯ ಅಧ್ಯಾಯ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ.

ಮೂರನೇ ವಾರ ಕೆಂಚಮ್ಮನಿಗೆ ಜ್ವರ ಬಂದು ಆರು ದಿನ ಲೈನಿನಲ್ಲೇ ಮಲಗಿದಳು. ಉತ್ತಯ್ಯನವರು ಅಮ್ಮತ್ತಿಯ ಕಡೆಯ ಇನ್ನೊಂದು ತೋಟಕ್ಕೆ ಹೋಗಿದ್ದರು. ಕಣ ನನ್ನ ಕೈಗೆ ಬಂತು. ಮೊದಲನೇ ಬೆಳಿಗ್ಗೆಯೇ ನಾನು ಮಗ್ಗುಲು ಬದಲಿಸುವುದನ್ನು ನಿಲ್ಲಿಸಿದೆ.

"ಕೆಂಚವ್ವ ಬಯ್ತದೆ" ಎಂದಳು ಹೆಂಗಸರಲ್ಲೊಬ್ಬಳು, ಚಿಕ್ಕಿ.

"ನಾನು ಹೇಳಿಕೊಳ್ತೇನೆ" ಎಂದೆ, ದೊಡ್ಡ ಮನುಷ್ಯನ ಹಾಗೆ.

ಆರನೇ ದಿನಕ್ಕೆ, ನಾನು ಬರೆದಿಟ್ಟುಕೊಂಡಿದ್ದ ಪಟ್ಟಿಯ ಪ್ರಕಾರ, ಕಾಯಿಗೆ ಬೇಕಾದ ಬಿಸಿಲಿನ ದಿನಗಳು ಮುಗಿದಿದ್ದವು. ನಡುವಿನಿಂದ ಒಂದು ಮುಷ್ಟಿ ತೆಗೆದು ಅಲ್ಲಾಡಿಸಿದೆ, ಗಲಗಲ ಎಂದಿತು. ಮೂವತ್ತೆರಡು ಮೂಟೆ ತುಂಬಿಸಿ ಹೊಲಿಸಿದೆ. ಮಾರನೇ ದಿನ, ಕಾಯಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಹೊರಡುವ ಲಾರಿ ಬಂದು ನಿಂತ ಹೊತ್ತಿಗೇ ಕಂಬಳಿ ಹೊದ್ದ ಕೆಂಚಮ್ಮ ಕಣದ ಕಟ್ಟೆ ಹತ್ತಿದಳು. ಮೂಟೆಗಳನ್ನು ನೋಡಲಿಲ್ಲ. ಕಣದ ಪಡುವಣ ಅಂಚಿಗೆ ಹೋಗಿ ಬರಿಗಾಲಲ್ಲಿ ನೆಲ ಒತ್ತಿ ತೇವ ನೋಡುತ್ತ ನಿಂತಳು.

"ಮಗ್ಗುಲು ಬದಲಿಸಿದ್ರಾ?"

ಹೆಂಗಸರೆಲ್ಲ ನನ್ನ ಕಡೆ ನೋಡಿದರು. "ನಾನೇ ನಿಲ್ಲಿಸಿದೆ" ಎಂದೆ.

ಆಕೆ ಕೈ ಎತ್ತಿ ಪಡುವಣ ಬೇಲಿಯ ಎತ್ತರದ ಸಿಲ್ವರ್ ಓಕ್ ಮರಗಳನ್ನು ತೋರಿಸಿದಳು. ಮೂರು ಗಂಟೆಗೆಲ್ಲ ಅವುಗಳ ನೆರಳು ಕಣದ ಆ ಅಂಚಿಗೆ ಬೀಳುತ್ತದೆ. ಇಪ್ಪತ್ತು ದಿನ ಆ ನೆರಳಿನಲ್ಲೇ ನಿಂತು ಬೆವರು ಒರೆಸಿಕೊಂಡಿದ್ದೆ. ದಿನ ಎಣಿಸಿದವನಿಗೆ ನೆರಳು ಕಂಡಿರಲಿಲ್ಲ.

ಅಂಚಿನ ಕಾಯಿ ಯಾವ ಮೂಟೆಗೆ ಸೇರಿತ್ತೋ ಯಾರಿಗೂ ನೆನಪಿಲ್ಲ. ಹಸಿಕಾಯಿ ಮೂಟೆಯೊಳಗೆ ಹೋದರೆ ಬೂಷ್ಟು ಹಿಡಿದು, ಜೊತೆಗಿದ್ದದ್ದನ್ನೂ ಕೆಡಿಸುತ್ತದೆ. ಲಾರಿ ಖಾಲಿ ಹೋಯಿತು.

"ಬಿಚ್ಚು. ಮೂವತ್ತೆರಡ್ರಾಗೆ ಯಾವ್ದು ಮೂಗ, ಯಾವ್ದಕ್ಕೆ ಮಾತು ಬಂದೈತೆ, ನೀನೇ ಹೇಳ್ಬೇಕು. ನಾನು ಬಾಯ್ ಬುಡಾಕಿಲ್ಲ" ಎಂದು ಕೆಂಚಮ್ಮ ಕಟ್ಟೆಯ ಮೇಲೆ ಕೂತಳು.

ಒಂದೊಂದು ಮೂಟೆಗೂ ಭುಜದವರೆಗೆ ಕೈ ಇಳಿಸಿ, ತಳದಿಂದ ಹಿಡಿ ತೆಗೆದು, ಕಿವಿಗೆ ಹಿಡಿದೆ. ಬೆಳಗಿನಿಂದ ಮಧ್ಯಾಹ್ನ ತಿರುಗುವವರೆಗೂ ಅದೇ ಕೆಲಸ. ಮೊಣಕೈ ತರಚಿತು. ಹತ್ತು ಮೂಟೆ ಬೇರೆ ಇಟ್ಟು, "ಇಷ್ಟೇ" ಎಂದೆ.

"ಇನ್ನೊಂದೈತೆ. ನೀನು ಅಲ್ಲಾಡಿಸಿದ್ದು ಇಲ್ಲಿಗೇ ಕೇಳ್ತು."

"ಯಾವುದವ್ವಾ?" ಅಮ್ಮ ಹೋಗಿ ಅವ್ವ ಬಂದದ್ದು ನನಗೇ ಗೊತ್ತಾಗಲಿಲ್ಲ.

"ನಾನ್ ಹೇಳಿದ್ರೆ ನಾನ್ ಕಲ್ತಂಗಾಯ್ತದೆ."

ಉಳಿದ ಇಪ್ಪತ್ತೆರಡನ್ನೂ ಮತ್ತೆ ಮೊದಲಿಂದ ಕೇಳುತ್ತ ಬಂದೆ. ಹತ್ತೊಂಬತ್ತನೆಯದರಲ್ಲಿ ಸದ್ದಿತ್ತು, ಆದರೆ ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ. "ತೊದಲುತ್ತಿದೆ" ಎಂದೆ. ಕೆಂಚಮ್ಮ ಕಂಬಳಿ ಕೊಡವಿ ಎದ್ದಳು.

ಸಂಜೆ ಉತ್ತಯ್ಯನವರು ಬಂದಾಗ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವರು ಬಿಚ್ಚಿದ ಮೂಟೆಗಳನ್ನು ಒಮ್ಮೆ ನೋಡಿ, "ಏನು ಮಾಡೋಣ ಕೆಂಚಮ್ಮ ಇವರನ್ನ? ವಾಪಸು ಕಳಿಸೋಣವಾ?" ಎಂದರು.

"ಇರ್ಲಿ ಬುಡಿ ಸ್ವಾಮಿ. ಈಗ್ಲೇ ಕಳಿಸಿದ್ರೆ ಕೆಡಿಸಾದಷ್ಟೇ ಕಲ್ತ್ಕೊಂಡು ಹೋಯ್ತಾನೆ."

ಆಮೇಲಿನ ಐದು ವಾರ ಎಲ್ಲರಿಗಿಂತ ಮೊದಲು ಕಣಕ್ಕೆ ಹೋಗುತ್ತಿದ್ದವನು ನಾನೇ. ಕುಕ್ಕೆ ಹೊರುವುದರಲ್ಲಿ ಚಿಕ್ಕಿಯನ್ನು ಮೀರಿಸಬೇಕೆಂದು ಹಟ ಹಿಡಿದೆ, ಮೀರಿಸಲಾಗಲಿಲ್ಲ. ಎಂಟನೇ ವಾರ ಬಂದರೂ 'ಹೂಂ' ಬರಲಿಲ್ಲ. ಕೇಳುವ ಧೈರ್ಯ ನನಗಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೆಂಚಮ್ಮ ಒಗೆದ ಸೀರೆ ಉಟ್ಟು, ಕೈಯಲ್ಲೊಂದು ಗಂಟು ಹಿಡಿದು ಕಣದ ಕಟ್ಟೆಯಾಚೆಯೇ ನಿಂತಳು. ಹಣ್ಣು ಹಾಸಿದ್ದ ಕಣವನ್ನು ಒಮ್ಮೆ ಉದ್ದಕ್ಕೂ ನೋಡಿದಳು.

"ಮಗಾ, ಮಗ್ಳಿಗೆ ಹೆರಿಗೆ ಆಗೈತೆ. ಮೂರ್ ದಿನ ಇದ್ದು ಬತ್ತೀನಿ. ನೋಡ್ಕೋ."

ಹಿಂದಿರುಗಿ ನೋಡದೆ ಬಸ್ಸಿನ ದಾರಿ ಹಿಡಿದಳು. ಉತ್ತಯ್ಯನವರು ಅದನ್ನು ವರಾಂಡದಿಂದ ನೋಡುತ್ತಿದ್ದರು. ಮಧ್ಯಾಹ್ನವೇ ನನ್ನನ್ನು ಕರೆದು ರುಜು ಹಾಕಿದ ಕಾಗದ ಕೊಟ್ಟರು.

ಪರೀಕ್ಷೆ ಮುಗಿಸಿ ನಾನು ಒಂದು ಕ್ಯೂರಿಂಗ್ ಕಾರ್ಖಾನೆಗೆ ಸೇರಿದೆ. ತೋಟಗಳಿಂದ ಬರುವ ಮೂಟೆಗಳನ್ನು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಕೆಂಚಮ್ಮನ ಕಣದ ಮೂಟೆ ಬಂದರೆ ನೋಡುವ ಅಗತ್ಯವಿರಲಿಲ್ಲ. ಆದರೂ ಒಂದು ಹಿಡಿ ತೆಗೆದು ಕಿವಿಗೆ ಹಿಡಿಯುತ್ತಿದ್ದೆ, ಅವ್ವನ ಕ್ಷೇಮಸಮಾಚಾರ ಕೇಳಿದ ಹಾಗೆ.

ಎರಡನೇ ವರ್ಷದ ಸುಗ್ಗಿಯಲ್ಲಿ ಆ ತೋಟದ ಮೂರನೇ ಮೂಟೆಯ ಕಾಯಿ ತೊದಲಿತು. ನಾಲ್ಕನೆಯದೂ ಹಾಗೇ.

ಮಾರನೇ ದಿನ ಮೊದಲ ಬಸ್ಸಿಗೆ ಮಾದಾಪುರಕ್ಕೆ ಹೋದೆ. ಕಣದಲ್ಲಿ ಚಿಕ್ಕಿ ನನ್ನ ಗುರುತು ಹಿಡಿದು ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಕೆಂಚಮ್ಮ ಮಳೆಗಾಲದಲ್ಲೇ ಹೋಗಿಬಿಟ್ಟಿದ್ದಳು. ಉತ್ತಯ್ಯನವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು.

"ಹೊಸಾ ಸಾಯೇಬ್ರು ಮಗ್ಗುಲು ಬದಲಿಸಾದು ದಂಡ ಅಂದ್ರು. ನಾವ್ ಹೇಳಿದ್ರೆ ಕೇಳ್ತಾರಾ?"

ಹೊಸ ಮ್ಯಾನೇಜರ್ ನನ್ನದೇ ವಯಸ್ಸಿನವರು. ಕೈಯಲ್ಲಿ ಒಂದು ಪಟ್ಟಿ ಹಿಡಿದು ಕಣದ ನಡುವೆಯೇ ನನ್ನತ್ತ ನಡೆದು ಬಂದರು. ಬೂಟಿನಡಿ ಕಾಯಿ ಚಟಚಟ ಎನ್ನುತ್ತಿತ್ತು. ಎಲ್ಲಿಂದ ಬಂದಿರಿ, ಏನಾಗಬೇಕು ಎಂದು ಕೇಳಿದರು.

"ಮೊದಲು ಶೂ ಬಿಚ್ಚಿ ಸಾರ್" ಎಂದೆ. "ಆಮೇಲೆ ಹೇಳ್ತೇನೆ."

ಅವರು ನನ್ನ ಮುಖ ನೋಡಿದರು, ಕಟ್ಟೆಯಾಚೆ ಬಿಟ್ಟು ಬಂದಿದ್ದ ನನ್ನ ಚಪ್ಪಲಿ ನೋಡಿದರು, ಆಮೇಲೆ ಬಗ್ಗಿ ಲೇಸಿಗೆ ಕೈ ಹಾಕಿದರು. ಚಿಕ್ಕಿ ಆಗಲೇ ಪಡುವಣ ಅಂಚಿನಲ್ಲಿ ಕುಕ್ಕೆ ತುಂಬತೊಡಗಿದ್ದಳು.