ಎರಡು ಬೀದಿಗೂ ಬೇಡದ ಬಾರು

ಎರಡು ಬೀದಿಗೂ ಬಾಗಿಲು ಇದೆ, ಯಾವ ಬೀದಿಯವರೂ ನಮ್ಮದು ಅನ್ನಲ್ಲ, ಏನದು? ನಮ್ಮಪ್ಪನಾಣೆ ನಿಮಗೆ ಗೊತ್ತಾಗಲ್ಲ. ನಂಜನಗೂಡಿನ ಒಂದು ಬಾರು ಕಣ್ರೀ! ಊರಿನ ಬಾರುಗಳನ್ನೆಲ್ಲ ಫೋನಿನ ಮ್ಯಾಪಲ್ಲಿ ಸರಿಯಾದ ಬೀದಿಗೆ ಸೇರಿಸೋ ಕೆಲಸ ನನಗೆ ಸಿಕ್ಕಿದೆ. ಈ ಬಾರಿನ ಮುಂಬಾಗಿಲು ಮೇಲಿನ ಬೀದಿಗೆ, ಹಿಂಬಾಗಿಲು ಕೆಳಗಿನ ಬೀದಿಗೆ. ಎದುರುಮನೆ ಪುಟ್ಟಮ್ಮ ಓಡಿಬಂದರು.

"ಲೋ, ನಾಳೆ ಹೆಮ್ಮಿಗೆಯಿಂದ ನನ್ ಮಗಳ ನೋಡಕ್ಕೆ ಬತ್ತಾವ್ರೆ. ನಮ್ ಬೀದೀಲಿ ಬಾರ್ ಅಂತ ತೋರುಸ್ಬೇಡ ಕಣಪ್ಪ!"

ಕುಡಿಯೋರೆಲ್ಲ ಮಾನಕ್ಕೆ ಅಂಜಿ ಹಿಂಬಾಗಿಲಲ್ಲೇ ನುಗ್ಗೋದು ತಾನೆ? ಮ್ಯಾಪಲ್ಲಿ ಕೆಳಗಿನ ಬೀದಿಗೇ ಒತ್ತಿಬಿಟ್ಟೆ!

ಮಾರನೇ ದಿನ ಗಂಡಿನ ಅಪ್ಪ ಮ್ಯಾಪ್ ಹಿಡಿದು ಮೊದಲು ಬಾರಿನ ಕಡೆಗೇ ಬಂದ. ಹಿಂಬಾಗಿಲಲ್ಲಿ ನುಗ್ಗಿ ಮುಂಬಾಗಿಲಲ್ಲಿ ಹೊರಬಂದರೆ ಎದುರಿಗೇ ಪುಟ್ಟಮ್ಮ!

"ಬಾರು ಇಷ್ಟು ಅತ್ರಾನಾ? ಸಂಬಂಧ ಒಪ್ಗೆ ಕಣವ್ವ!" ಅಂದ.

ಈ ಕೊನೆ ನಾನೇ ಕಟ್ಟಿದ್ದು. ಅವರು ಬರೋದು ನಾಳೆ. ಪುಟ್ಟಮ್ಮ ಈಗಿನ್ನೂ ಬಾರಿನ ಬೋರ್ಡಿನ ಮೇಲೆ ಸೀರೆ ಒಣಹಾಕ್ತಾ ಇದಾರೆ.