ಮಹಡಿಯ ರಕ್ತಪಿಶಾಚಿ

ರಕ್ತಪಿಶಾಚಿಗಳ ಧಾರಾವಾಹಿ ನೋಡಿ ನೋಡಿ ನಮ್ಮ ದೊಡ್ಡಮ್ಮನಿಗೆ ಮಹಡಿಯ ಬಾಡಿಗೆ ಹುಡುಗನ ಮೇಲೆ ಗುಮಾನಿ. ಅವನು ಹಗಲೆಲ್ಲ ಪರದೆ ಎಳೆದು ಮಲಗುತ್ತಾನೆ, ಮುಖವೂ ಬಿಳಿಚಿಕೊಂಡಿದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಂತೆ ಎಂದರೆ, "ಅಲ್ಲಿ ರಕ್ತಕ್ಕೇನು ಬರ" ಎನ್ನುತ್ತಾಳೆ. ಅವನು ಮೆಟ್ಟಿಲಿಳಿಯುವ ಸದ್ದಾದರೆ ಸಾಕು, ಬೆಳ್ಳುಳ್ಳಿ ಸುಲಿಯುತ್ತ ಬಾಗಿಲಲ್ಲಿ ಕೂತು ಗೋಡೆಯ ಕನ್ನಡಿಯತ್ತ ಕಣ್ಣು ಹಾಯಿಸುತ್ತಾಳೆ. ರಕ್ತಪಿಶಾಚಿಗಳಿಗೆ ಬೆಳ್ಳುಳ್ಳಿ ಆಗದಂತೆ, ಕನ್ನಡಿಯಲ್ಲಿ ಅವುಗಳ ಬಿಂಬವೂ ಮೂಡದಂತೆ. ಅದರಲ್ಲಿ ಅವನು ಕಂಡರೆ ಕನ್ನಡಿಯೇ ಸರಿಯಿಲ್ಲ. ಅವನು ಮಾತ್ರ ಹೊಸ್ತಿಲಾಚೆ ನಿಂತು, "ಒಳಗೆ ಬರ್ಲಾ ಅಮ್ಮಾ?" ಎಂದು ಕೇಳುತ್ತಾನೆ. "ನೋಡಿದ್ಯಾ, ಧಾರಾವಾಹೀಲೂ ಹೀಗೇ. ನಾವು ಕರೀದೆ ಅವು ಒಳಗೆ ಬರೋ ಹಾಗಿಲ್ಲ" ಎಂದು ನನಗೆ ಪಿಸುಗುಟ್ಟಿ, ಮರುಕ್ಷಣವೇ "ಬಾಪ್ಪಾ" ಎಂದು ಕರೆಯುತ್ತಾಳೆ. ಗೊತ್ತಿದ್ದೂ ಯಾಕೆ ಕರೀತೀಯ ಎಂದು ಒಮ್ಮೆ ಕೇಳಿದೆ. ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಅವನು ಕೇಳ್ಕೊಂಡು ಬರ್ತಾನೆ ಕಣೆ. ನಿಮ್ಮ ದೊಡ್ಡಪ್ಪ ಬಾಗಿಲು ಒದ್ಕೊಂಡೇ ಬರ್ತಿದ್ರು."